ಒಂದು ಡಬ್ಬಿಗೆ ಒಂದೇ ಪಾಳಿ

ಮಾನ್ಯ ಸಂಪಾದಕರೇ,

ನಾನು ಹಾವೇರಿಯಲ್ಲಿ 31 ವರ್ಷಗಳಿಂದ ಹಿಟ್ಟಿನ ಗಿರಣಿ ನಡೆಸುತ್ತಿರುವವಳು. ಕೊನೆಯ 12 ವರ್ಷಗಳಿಂದ ಒಬ್ಬಳೇ. ಯಜಮಾನರು ಬಿಟ್ಟುಹೋದ ಆಸ್ತಿಯಲ್ಲಿ ಮೋಟರು, ಬೆಲ್ಟು, ಕಲ್ಲುಗಳ ಜೊತೆಗೆ ಗಿರಾಕಿಗಳ ಜಗಳವೂ ಸೇರಿತ್ತು. ಆ ಜಗಳಗಳಲ್ಲಿ ಮುಕ್ಕಾಲು ಪಾಲು ಪಾಳಿಯವು. ಹಾಗಾಗಿ ಸರದಿ ಸಾಲಿನ ವಿಷಯದಲ್ಲಿ ಎರಡು ಮಾತು ಬರೆಯುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ. ಎರಡು ಮಾತು ಉದ್ದವಾದರೆ ಕತ್ತರಿ ನಿಮ್ಮ ಕೈಯಲ್ಲೇ ಇದೆ.

ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಮಗನ ಮನೆಗೆ ಹೋಗಿದ್ದೆ. ಒಂದು ದಿನ ಸೊಸೆ ಮತ್ತು ನಾನು ಮೊಮ್ಮಕ್ಕಳನ್ನು ಕರೆದುಕೊಂಡು ನಗರದ ಹೊರಗಿನ ಒಂದು ಮನರಂಜನಾ ಪಾರ್ಕಿಗೆ ಹೋದೆವು. ಪಾರ್ಕಿನ ಹೆಸರು ಬರೆಯುವುದಿಲ್ಲ. ಬರೆದರೆ ಓದಿದವರು "ಅಲ್ಲಿ ಹಾಗೇ ಬಿಡಿ" ಎಂದು ಪುಟ ತಿರುವಿಬಿಡುತ್ತಾರೆ. ಮೊಮ್ಮಗನಿಗೆ 10 ವರ್ಷ, ಅವನ ತಂಗಿಗೆ 7. ಹಳಿಯ ಮೇಲೆ ಓಡಿ ತಲೆಕೆಳಗಾಗುವ ರೋಲರ್ ಕೋಸ್ಟರ್ ಹತ್ತಬೇಕೆಂದು ಅವನು ಒಂದು ವಾರದಿಂದ ಜಪ ಮಾಡುತ್ತಿದ್ದ. ತಂಗಿಯನ್ನು ಎತ್ತರ ಅಳೆಯುವ ಕೋಲಿನ ಪಕ್ಕ ನಿಲ್ಲಿಸಿ ನೋಡಿದರು, ನಾಲ್ಕು ಬೆರಳು ಕಡಿಮೆ ಬಿತ್ತು. ಅವಳು ಅತ್ತಳು. ಅವಳನ್ನು ಸಮಾಧಾನ ಮಾಡಲು ಸೊಸೆ ನೆರಳಿನಲ್ಲಿ ಕುಳಿತಳು, ನಾನು ಮೊಮ್ಮಗನ ಜೊತೆ ಸಾಲಿನಲ್ಲಿ ನಿಂತೆ. ನಮ್ಮ ಒಪ್ಪಂದ ಹೀಗಿತ್ತು: ಮೆಟ್ಟಿಲಿನ ಹತ್ತಿರ ಬಂದಾಗ ನಾನು ಫೋನ್ ಮಾಡುತ್ತೇನೆ, ಸೊಸೆ ಬಂದು ನನ್ನ ಜಾಗದಲ್ಲಿ ನಿಂತು ಮಗನ ಜೊತೆ ಹತ್ತುತ್ತಾಳೆ, ನಾನು ಇಳಿದು ಬಂದು ಹುಡುಗಿಯನ್ನು ನೋಡಿಕೊಳ್ಳುತ್ತೇನೆ. ತಲೆಕೆಳಗಾಗುವ ವಯಸ್ಸು ನನ್ನದಲ್ಲ.

ಸಾಲಿನ ಬಾಯಿಯಲ್ಲಿ 'ಇಲ್ಲಿಂದ 45 ನಿಮಿಷ' ಎಂಬ ಫಲಕವಿತ್ತು. ಹಾವಿನ ಹಾಗೆ ಸುತ್ತುವ ಉಕ್ಕಿನ ಕಂಬಿಗಳು, ಮೇಲೆ ತಗಡಿನ ಮಾಡು, ಮೂಲೆಯಲ್ಲಿ ಬಿಸಿಗಾಳಿಯನ್ನೇ ತಿರುಗಿಸಿ ಕೊಡುವ ಒಂದು ಫ್ಯಾನು. ನಮ್ಮ ಮುಂದೆ ಒಬ್ಬ ಯುವಕನಿದ್ದ. ಬಹಳ ಸಭ್ಯ. ನಾನು ಸೆರಗು ಸರಿಮಾಡಿಕೊಳ್ಳುವಾಗ ನೀರಿನ ಬಾಟಲಿ ಹಿಡಿದುಕೊಂಡ, ಮೊಮ್ಮಗನಿಗೆ ಚಾಕೊಲೇಟ್ ಕೊಟ್ಟ. ಊರು ಯಾವುದು, ಗಿರಣಿ ಹೇಗೆ ನಡೆಯುತ್ತದೆ ಎಂದೆಲ್ಲ ಕೇಳಿದ. ಸೊಸೆ ಬಂದು ನನ್ನ ಜಾಗದಲ್ಲಿ ನಿಲ್ಲುವ ವಿಷಯವನ್ನೂ ನಾನೇ ಅವನಿಗೆ ಹೇಳಿದ್ದೆ. ಮಾತಿನಲ್ಲಿ ಅರ್ಧ ತಾಸು ಕಳೆದದ್ದೇ ತಿಳಿಯಲಿಲ್ಲ.

ಮೆಟ್ಟಿಲು ಇನ್ನು ಒಂದು ಸುತ್ತು ಇದೆ ಎನ್ನುವಾಗ ಅವನ ಫೋನ್ ಕೆಲಸ ಶುರುಮಾಡಿತು. "ಬನ್ನಿ, ಬನ್ನಿ, ಕೆಂಪು ಕಂಬದ ಹತ್ತಿರ" ಎಂದ. ಸ್ವಲ್ಪ ಹೊತ್ತಿಗೆ ಕಂಬಿಗಳ ಕೆಳಗೆ ತಲೆಗಳು ಕಾಣಿಸಿದವು. ಒಂದು, ಎರಡು, ಮೂರು. ಒಬ್ಬನ ಕೈಯಲ್ಲಿ ತಿನ್ನುತ್ತಿದ್ದ ಪಾಪ್‌ಕಾರ್ನ್ ಪೊಟ್ಟಣ, ಇನ್ನೊಬ್ಬಳ ಕೂದಲಿನಿಂದ ನೀರಿನ ಕೊಳದ ನೀರು ತೊಟ್ಟಿಕ್ಕುತ್ತಿತ್ತು. ಅಂದರೆ ನಾವು ಇಲ್ಲಿ ಬೇಯುತ್ತಿರುವಾಗ ಅವರು ಅಲ್ಲಿ ಈಜಿ ಬಂದಿದ್ದರು. ಎಣಿಸಿದೆ, 9 ಜನ. ಹುಡುಗನ ಜೊತೆ ಸೇರಿ 10.

"ಇದೇನಪ್ಪಾ ಇದು?" ಎಂದು ಕೇಳಿದೆ.

"ನಮ್ಮವರೇ ಅಜ್ಜಿ, ನಾನು ಆಗಿನಿಂದ ಇವರಿಗಾಗಿಯೇ ನಿಂತಿದ್ದೇನೆ" ಎಂದ.

"ನೀನು ನಿಂತದ್ದು ನಿನ್ನೊಬ್ಬನ ಪಾಳಿ" ಎಂದೆ. ಅವನು ಸಿಟ್ಟಾಗಲಿಲ್ಲ. ನಗುತ್ತಲೇ ಹೇಳಿದ: "ನೀವೂ ನಿಮ್ಮ ಸೊಸೆಗೆ ಜಾಗ ಹಿಡಿದಿದ್ದೀರಲ್ಲ, ಅಜ್ಜಿ?"

ಸಂಪಾದಕರೇ, ಗಿರಣಿಯಲ್ಲಿ ಎಂತೆಂಥವರ ಬಾಯಿ ಮುಚ್ಚಿಸಿದ್ದೇನೆ, ಆದರೆ ಆ ಕ್ಷಣ ನನ್ನ ಬಾಯಿಯೇ ಮುಚ್ಚಿತು. ಹಿಂದಿದ್ದ ಒಬ್ಬ ಹುಡುಗಿ ದನಿ ಎತ್ತಿದಳು, ಅವಳ ಹಿಂದೆ ಇನ್ನಿಬ್ಬರು. ಸೀಟಿ ಹಿಡಿದು ನಿಂತಿದ್ದ ಸಿಬ್ಬಂದಿಯವನನ್ನು ಕರೆದರೆ "ನೀವು ನೀವೇ ಹೊಂದಿಸಿಕೊಳ್ಳಿ" ಎಂದು ಆ ಕಡೆ ಮುಖ ಮಾಡಿದ. ಹೊಂದಿಸಿಕೊಂಡವರು ನಾವೇ. ಹತ್ತೂ ಜನ ಹತ್ತಿದರು, ಅವರ ಹಿಂದೆಯೇ ಗೇಟು ಮುಚ್ಚಿತು, ಮೊಮ್ಮಗ ಮುಂದಿನ ಸುತ್ತಿಗೆ ಉಳಿದ. ಇಷ್ಟರಲ್ಲಿ ಸೊಸೆ ಬಂದು ನನ್ನ ಜಾಗದಲ್ಲಿ ನಿಂತಾಗ, ದನಿ ಎತ್ತಿದ್ದ ಆ ಹುಡುಗಿ ನನ್ನನ್ನೂ ಅದೇ ಕಣ್ಣಿನಿಂದ ನೋಡಿದಳು. ಆ ನೋಟ ಹಾವೇರಿಯ ತನಕ ರೈಲಿನಲ್ಲಿ ನನ್ನ ಜೊತೆಗೇ ಬಂತು.

ನನಗೂ ಆ ಹುಡುಗನಿಗೂ ಏನು ವ್ಯತ್ಯಾಸ? ಗಿರಣಿಗೆ ಮರಳಿ ಡಬ್ಬಿಗಳ ಸಾಲು ನೋಡಿದ ಮೇಲೆ ಉತ್ತರ ಹೊಳೆಯಿತು.

ಗಿರಣಿಯಲ್ಲಿ ಯಾರೂ ಮೈಯಿಂದ ಪಾಳಿ ನಿಲ್ಲುವುದಿಲ್ಲ. ಡಬ್ಬಿ ನಿಲ್ಲುತ್ತದೆ. ಹಳೆಯ ಎಣ್ಣೆ ಡಬ್ಬಿ, ಸ್ಟೀಲ್ ಡಬ್ಬಿ, ಗೊಬ್ಬರದ ಚೀಲ ತೊಳೆದು ಹೊಲಿದ ಕೈಚೀಲ. ಕೆಲವುದರ ಮೇಲೆ ಮನೆಯ ಹೆಸರು ಬಣ್ಣದಲ್ಲಿ ಬರೆದಿರುತ್ತದೆ. ಗೋಡೆಯ ಬದಿಗೆ ಸಾಲಾಗಿ ಇಟ್ಟು ಜನ ಸಂತೆಗೆ ಹೋಗುತ್ತಾರೆ, ಹಾಲು ಕರೆದು ಬರುತ್ತಾರೆ. ಕರೆಂಟು ಹೋದರೆ ಎಲ್ಲರೂ ಮನೆಗೆ ಹೋಗುತ್ತಾರೆ, ಮೂರು ತಾಸಿನ ಮೇಲೆ ಬಂದರೂ ಡಬ್ಬಿ ಇದ್ದಲ್ಲೇ ಇರುತ್ತದೆ. ಅದನ್ನು ಯಾರೂ ಕಾಲಿನಿಂದಲೂ ಸರಿಸುವುದಿಲ್ಲ. ನಾನು ಚಿಕ್ಕವಳಿದ್ದಾಗ ಊರ ನಲ್ಲಿಯ ಮುಂದೆ ಕೊಡಗಳಿಗೂ ಇದೇ ಮರ್ಯಾದೆ ಇತ್ತು. ನಾಗರಪಂಚಮಿಯ ಹಿಂದಿನ ವಾರ ಉಂಡಿಗೆ, ಅಳ್ಳಿಟ್ಟಿಗೆ ಹಿಟ್ಟು ಹಾಕಿಸುವವರ ಡಬ್ಬಿಗಳು ಬೀದಿಯವರೆಗೆ ಹೋಗುತ್ತವೆ. ಆಗಲೂ ಇದು ನಡೆಯುತ್ತದೆ.

ಅಂದಮೇಲೆ ಜಾಗ ಹಿಡಿಯುವುದೇ ತಪ್ಪು ಎನ್ನಲು ನನಗೆ ಬಾಯಿಲ್ಲ. ನನ್ನ ಹೊಟ್ಟೆ ತುಂಬುತ್ತಿರುವುದೇ ಜಾಗ ಹಿಡಿಯುವ ಪದ್ಧತಿಯ ಮೇಲೆ. ಆದರೆ ಒಂದು ಕಟ್ಟಳೆ ಉಂಟು: ಒಂದು ಡಬ್ಬಿಗೆ ಒಂದೇ ಪಾಳಿ. ಹತ್ತು ಸೇರಿನ ಡಬ್ಬಿ ಇಟ್ಟು ಹೋದವಳು ಪಾಳಿ ಬಂದಾಗ ಅಕ್ಕನದೊಂದು, ನೆಗೆಣ್ಣಿಯದೊಂದು, ಎದುರು ಮನೆಯವಳದೊಂದು ಡಬ್ಬಿ ತಂದು ಪಕ್ಕಕ್ಕೆ ಇಟ್ಟರೆ ಹಿಂದಿನವರು ಅವಳ ಡಬ್ಬಿಯನ್ನೂ ಸೇರಿಸಿ ಹೊರಗೆ ಇಡುತ್ತಾರೆ. ತಾನು ಬಾರದೆ ಮಗಳನ್ನು ಕಳುಹಿಸಿದರೆ ಯಾರೂ ಕೇಳುವುದಿಲ್ಲ. ಡಬ್ಬಿ ಒಂದೇ, ಅದರ ಹಿಂದೆ ಬರುವ ಮುಖ ಯಾವುದಾದರೇನು? ನಾನು ಇಳಿದೆ, ಸೊಸೆ ಹತ್ತಿದಳು. ಹಿಂದಿದ್ದವರಿಗೆ ಒಂದು ತಲೆಯೂ ಹೆಚ್ಚಾಗಲಿಲ್ಲ. ಆ ಹುಡುಗ ಇಟ್ಟದ್ದು ಒಂದು ಡಬ್ಬಿ, ಬೀಸಿಸಿಕೊಂಡದ್ದು ಹತ್ತು.

ಲೆಕ್ಕ ಹಾಕುವುದು ನನ್ನ ಚಟ, ಕ್ಷಮಿಸಿ. ಆ ಆಟದ ಬಂಡಿಗೆ ಒಂದು ಸಲಕ್ಕೆ 20 ಜನ. ಹತ್ತಿಸಿ, ತಿರುಗಿಸಿ, ಇಳಿಸಲು 4 ನಿಮಿಷ. ತಲೆಗೆ 12 ಸೆಕೆಂಡು ಬಿತ್ತು. ನಡುವೆ ನುಗ್ಗಿದ 9 ಜನರಿಂದ ಹಿಂದಿನ ಪ್ರತಿಯೊಬ್ಬರಿಗೂ 108 ಸೆಕೆಂಡು ತಡ. ಎರಡು ನಿಮಿಷವೂ ಇಲ್ಲವಲ್ಲ ಎಂದು ಆ ಹುಡುಗನೂ ಹೇಳಬಹುದು. ಆದರೆ ಹಿಂದೆ ಸುಮಾರು 200 ಜನ ಇದ್ದರು. ಕೂಡಿಸಿದರೆ 6 ತಾಸು. ಯಾರ ಕಿಸೆಯಿಂದ ಹೋಯಿತೆಂದು ಯಾರಿಗೂ ಗೊತ್ತಾಗದ ಹಾಗೆ ಆರು ತಾಸು ಹೋಯಿತು. ತೂಕದಲ್ಲಿ ಚೂರು ಚೂರು ಹೊಡೆಯುವ ಅಂಗಡಿಯವನ ಲೆಕ್ಕವೂ ಹೀಗೆಯೇ.

ಇದನ್ನು ಬರೆಯುವಾಗ ಹಾವೇರಿ ಬಸ್ ನಿಲ್ದಾಣ ನೆನಪಾಗುತ್ತಿದೆ. ಜಾತ್ರೆಯ ದಿನ ಬಸ್ಸು ಇನ್ನೂ ನಿಲ್ಲುವ ಮುಂಚೆಯೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವಳು ನಾನೂ ಹೌದು. ಒಂದು ಟವೆಲನ್ನು ಅಗಲಕ್ಕೆ ಹಾಸಿ ಮೂರು ಸೀಟು ಹಿಡಿದದ್ದೂ ಉಂಟು. ರಾಜಕೀಯದವರು ಕುರ್ಚಿಗೆ ಟವೆಲ್ ಹಾಕುತ್ತಾರೆ ಎಂದು ನಿಮ್ಮ ಪತ್ರಿಕೆಯಲ್ಲೇ ಬರುತ್ತದೆ, ಓದಿ ನಗುತ್ತೇವೆ. ಆ ಮಾತು ಹುಟ್ಟಿದ್ದು ನಮ್ಮ ಬಸ್ಸುಗಳಲ್ಲಿ.

ನನ್ನ ತಂಗಿಯ ಮಗಳು ಧಾರವಾಡದಲ್ಲಿ ಮನಃಶಾಸ್ತ್ರ ಓದುತ್ತಾಳೆ. ಈ ಜಗಳದ ಕತೆ ಹೇಳಿದಾಗ ಅವಳು ಎರಡು ಸಂಗತಿ ಹೇಳಿದಳು. ಆಸ್ಟ್ರೇಲಿಯಾದ ಲಿಯಾನ್ ಮಾನ್ ಎಂಬವರು ಮೆಲ್ಬರ್ನಿನ ಫುಟ್‌ಬಾಲ್ ಟಿಕೆಟ್ಟಿಗಾಗಿ ಇರುಳೆಲ್ಲ ನಿಲ್ಲುವವರ ಸಾಲುಗಳನ್ನು ಅಧ್ಯಯನ ಮಾಡಿ 1969ರಲ್ಲಿ ಬರೆದರಂತೆ. ಅಲ್ಲಿಯೂ ಜನ ಪೆಟ್ಟಿಗೆ, ಮಡಚುವ ಕುರ್ಚಿ ಇಟ್ಟು ಸ್ವಲ್ಪ ಹೊತ್ತು ಹೋಗಿ ಬರುತ್ತಿದ್ದರು, ಸಾಲು ಅದನ್ನು ಒಪ್ಪುತ್ತಿತ್ತು. ಮೆಲ್ಬರ್ನಿನಲ್ಲಿಯೂ ಡಬ್ಬಿಯೇ ನಿಲ್ಲುತ್ತದೆ ಎಂದು ಕೇಳಿ ನನಗೆ ಬಹಳ ಖುಷಿಯಾಯಿತು. ಇನ್ನೊಂದು ಸಂಗತಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಎಂಬ ವಿಜ್ಞಾನಿಯದು. ಅವರ ಕಡೆಯವರು ನ್ಯೂಯಾರ್ಕ್ ನಗರದ 129 ಸಾಲುಗಳಲ್ಲಿ ಬೇಕೆಂದೇ ನಡುವೆ ನುಗ್ಗಿ ಏನಾಗುತ್ತದೆ ಎಂದು ನೋಡಿದರು, 1986ರಲ್ಲಿ ಪ್ರಕಟಿಸಿದರು. ಒಬ್ಬರೇ ನುಗ್ಗಿದಾಗ ಸುಮಾರು ಅರ್ಧದಷ್ಟು ಸಾಲುಗಳಲ್ಲಿ ಯಾರಾದರೂ ಆಕ್ಷೇಪಿಸಿದರು. ಇಬ್ಬರು ನುಗ್ಗಿದಾಗ ನೂರಕ್ಕೆ ತೊಂಬತ್ತು ಸಾಲುಗಳಲ್ಲಿ ಆಕ್ಷೇಪ. ನನಗೆ ನಾಟಿದ್ದು ಮುಂದಿನ ಮಾತು: ನುಗ್ಗಿದವನ ನೇರ ಹಿಂದೆ ನಿಂತವರು ಸುಮ್ಮನಿದ್ದುಬಿಟ್ಟರೆ ಉಳಿದವರೂ ಹೆಚ್ಚಾಗಿ ಸುಮ್ಮನಾಗುತ್ತಾರಂತೆ. ಅವನ ನೇರ ಹಿಂದೆ ನಿಂತವಳು ನಾನು. ಅರ್ಧ ಮಾತಾಡಿ ಸುಮ್ಮನಾದವಳೂ ನಾನೇ.

ಅಣ್ಣನ ಮಗಳು ಅಮೆರಿಕದ ಒರ್ಲ್ಯಾಂಡೊದಲ್ಲಿದ್ದಾಳೆ, ಭಾನುವಾರ ಫೋನ್ ಮಾಡುತ್ತಾಳೆ. ಆ ಊರಿಗೆ ಅನ್ನ ಹಾಕುವುದೇ ಇಂಥ ಪಾರ್ಕುಗಳು ಎನ್ನಬಹುದು, ಹಾಗಾಗಿ ಅವಳ ಬಳಿ ಕತೆಗಳಿಗೆ ಬರವಿಲ್ಲ. ಸಿಕ್ಸ್ ಫ್ಲ್ಯಾಗ್ಸ್ ಪಾರ್ಕುಗಳಲ್ಲಿ ಸಾಲು ಮುರಿದರೆ ಹಣ ಹಿಂದಿರುಗಿಸದೆ ಹೊರಗೆ ಕಳುಹಿಸುವ ನಿಯಮವೇ ಇದೆಯಂತೆ. ಡಿಸ್ನಿಯ ಪಾರ್ಕುಗಳಲ್ಲಿ ಮೊದಲು ಅಂಗವಿಕಲರ ಕುಟುಂಬವನ್ನು ಬೇರೆ ದಾರಿಯಿಂದ ಬೇಗ ಬಿಡುತ್ತಿದ್ದರು. ದುಡ್ಡಿದ್ದ ಕೆಲವರು ಅಂಗವಿಕಲರನ್ನೇ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕರೆದುಕೊಂಡು ಹೋಗುತ್ತಾರೆಂಬ ವರದಿ ಬಂದು 2013ರಲ್ಲಿ ಆ ಪದ್ಧತಿಯನ್ನು ಬದಲಾಯಿಸಿದರು. ಇದನ್ನು ಕೇಳಿದ ಮೇಲೆ ನಮ್ಮ ಪಾಪ್‌ಕಾರ್ನ್ ಹುಡುಗರು ದೇವರಂತೆ ಕಂಡರು.

ಅವಳು ಹೇಳಿದ್ದರಲ್ಲಿ ನನಗೆ ಬಹಳ ಹಿಡಿಸಿದ್ದು ಫಾಸ್ಟ್‌ಪಾಸ್ ಎಂಬ ಚೀಟಿ. ಡಿಸ್ನಿಯವರು 1999ರಲ್ಲಿ ತಂದದ್ದು. ಆಟದ ಬಾಗಿಲಲ್ಲಿ ಯಂತ್ರಕ್ಕೆ ಟಿಕೆಟ್ ತೋರಿಸಿದರೆ 'ಇಂಥ ಹೊತ್ತಿಗೆ ಬನ್ನಿ' ಎಂಬ ಚೀಟಿ ಸಿಗುತ್ತಿತ್ತು. ಹೋಗಿ ಊಟ ಮಾಡಿ, ಬೇರೆ ಆಟ ನೋಡಿ, ಆ ಹೊತ್ತಿಗೆ ಬಂದರೆ ಹೆಚ್ಚು ನಿಲ್ಲದೆ ಒಳಗೆ. ಅದಕ್ಕೆ ಬೇರೆ ದುಡ್ಡಿರಲಿಲ್ಲ. ತಲೆಗೊಂದು ಟಿಕೆಟ್, ಟಿಕೆಟ್ಟಿಗೊಂದು ಚೀಟಿ. ನನ್ನ ಗಿರಣಿಯ ಡಬ್ಬಿಯನ್ನು ಕಾಗದದಲ್ಲಿ ಮಾಡಿದ ಹಾಗೆ! ತಿರುಮಲದಲ್ಲಿ ಸರ್ವದರ್ಶನಕ್ಕೆ ಹೊತ್ತು ಗೊತ್ತುಮಾಡಿ ಉಚಿತವಾಗಿ ಕೊಡುವ ಟೋಕನ್ನೂ ಇದೇ ಜಾತಿಯದು. ಆದರೆ 2021ರಲ್ಲಿ ಡಿಸ್ನಿಯವರು ಉಚಿತ ಚೀಟಿಯನ್ನು ನಿಲ್ಲಿಸಿ, ಬೇಗ ಹೋಗುವ ದಾರಿಗೆ ಬೇರೆ ದುಡ್ಡು ಇಟ್ಟರು. ಡಬ್ಬಿ ಇಡುವುದಕ್ಕೇ ಬಾಡಿಗೆ ಎಂದಂತಾಯಿತು.

ದುಡ್ಡು ಕೊಟ್ಟು ಮುಂದೆ ಹೋಗುವ ಸಾಲು ನಾವು ಹೋದ ಪಾರ್ಕಿನಲ್ಲಿಯೂ ಇತ್ತು. ಹಾಸನಾಂಬೆಯ ಸನ್ನಿಧಿಯಲ್ಲಿ 1000 ರೂಪಾಯಿ, 300 ರೂಪಾಯಿ ಟಿಕೆಟ್ಟಿನ ಸಾಲುಗಳನ್ನು ಕಂಡಿದ್ದೇವೆ. ರೈಲಿನಲ್ಲಿ 1997ರಿಂದ ತತ್ಕಾಲ್ ಇದೆ. ಇದಕ್ಕೆ ಒಗ್ಗಿ ಹೋಗಿದ್ದೇವೆ, ಹಾಗಾಗಿ ಪಾರ್ಕಿನವರ ಮೇಲೆ ಮಾತ್ರ ಹರಿಹಾಯುವುದು ನ್ಯಾಯವಲ್ಲ. ಕಂಬಿ ನುಸುಳಿ ಬಂದವನಿಗಿಂತ ದುಡ್ಡು ಕೊಟ್ಟು ಎದುರಿನ ಬಾಗಿಲಿನಿಂದ ಬಂದವನು ವಾಸಿ ಎಂದೂ ಒಂದು ಮನಸ್ಸು ಹೇಳುತ್ತದೆ. ಇನ್ನೊಂದು ಮನಸ್ಸು ಏಕೆ ಒಪ್ಪುವುದಿಲ್ಲ ಎಂಬುದಕ್ಕೆ ಒಂದು ಹಳೆಯ ಸಂಗತಿ ಬರೆಯಬೇಕು.

ಗಿರಣಿ ಪ್ರಾರಂಭವಾದ ನಾಲ್ಕನೆಯ ವರ್ಷ. ದೀಪಾವಳಿಗೆ ಎರಡು ದಿನ ಇತ್ತು. ಒಬ್ಬ ಮುದುಕಿಯ ಪಾಳಿ ಬಂದಿತ್ತು. ಅವಳ ಡಬ್ಬಿಗೆ ಮುಚ್ಚಳವಿರಲಿಲ್ಲ, ಹಳೆಯ ಪಂಚೆಯ ಚೂರನ್ನು ಬಾಯಿಗೆ ಹಾಕಿ ಸುತ್ತಿ ಕಟ್ಟಿದ್ದಳು. ಅವಳು ಗಂಟು ಬಿಚ್ಚುತ್ತಿರುವಾಗ ಒಬ್ಬ ಸಾಹೇಬರ ಮನೆಯ ಆಳು ಎರಡು ಡಬ್ಬಿ ಗೋಧಿ ತಂದ. "ಜೀಪು ನಿಂತಿದೆ, ಬೇಗ" ಎಂದ. ನಮ್ಮ ಲೈಸೆನ್ಸಿನ ಕಾಗದ ಆ ಸಾಹೇಬರ ಮೇಜಿನ ಮೇಲಿದ್ದ ಕಾಲ. ನಾನು ಮುದುಕಿಗೆ "ಐದು ನಿಮಿಷ, ಅವ್ವಾ" ಎಂದು ಅವರ ಗೋಧಿ ಸುರಿದೆ. ಅವಳು ಏನೂ ಅನ್ನಲಿಲ್ಲ. ಬಿಚ್ಚಿದ ಬಟ್ಟೆಯನ್ನು ಮತ್ತೆ ಕಟ್ಟಿದಳು, ಎರಡು ಸಲ ಸುತ್ತಿ ಗಂಟು ಹಾಕಿದಳು, ಡಬ್ಬಿಯನ್ನು ಸೊಂಟಕ್ಕೆ ಏರಿಸಿ ಹೊರಟುಹೋದಳು. ಇನ್ನೊಂದು ಗಿರಣಿ ಆಗ ಒಂದು ಮೈಲಿ ದೂರ. ಮತ್ತೆ ಅವಳು ನಮ್ಮ ಗಿರಣಿಗೆ ಬರಲಿಲ್ಲ. ಸಾಹೇಬರ ಆಳು ಕೊಡಬೇಕಾದ್ದಕ್ಕಿಂತ ಎರಡು ರೂಪಾಯಿ ಹೆಚ್ಚೇ ಕೊಟ್ಟು ಹೋಗಿದ್ದ.

ಹಾಗೆಂದು ಗಿರಣಿಯಲ್ಲಿ ಪಾಳಿ ಎಂದೂ ತಪ್ಪುವುದಿಲ್ಲವೆಂದಲ್ಲ. ಒಣಮೆಣಸಿನಕಾಯಿ ತಂದವರು ಎಷ್ಟೇ ಮುಂಚೆ ಬಂದರೂ ಕೊನೆಗೆ ನಿಲ್ಲಬೇಕು. ಬ್ಯಾಡಗಿ ಮೆಣಸಿನಕಾಯಿ ಬೀಸಿದ ಕಲ್ಲಿನಲ್ಲಿ ಜೋಳ ಹಾಕಿದರೆ ರೊಟ್ಟಿ ತಿಂದ ಮನೆಯವರೆಲ್ಲ ಸೀನುತ್ತಾರೆ. ಬಾಣಂತಿಯ ಮನೆಯಿಂದ ಬಂದ ಸಣ್ಣ ಡಬ್ಬಿ ಮುಂದೆ ಹೋಗುತ್ತದೆ. ಇದಕ್ಕೆ ಯಾರೂ ತಕರಾರು ತೆಗೆಯುವುದಿಲ್ಲ. ಕಾರಣ ಎಲ್ಲರ ಕಣ್ಣಿಗೂ ಮೂಗಿಗೂ ಗೊತ್ತಾಗುವಂತಿರುತ್ತದೆ. ಜೀಪು ನಿಂತದ್ದು ಕಾರಣವಾಗಿ ಯಾರಿಗೂ ಕಾಣಲಿಲ್ಲ, ನನಗೂ ಕೂಡ.

ಆದ್ದರಿಂದ ನಮ್ಮ ಪಾರ್ಕುಗಳನ್ನು ನಡೆಸುವವರಲ್ಲಿ ನನ್ನ ವಿನಂತಿ. ಸಾಲಿನ ಬಾಯಿಯಲ್ಲಿ ಎತ್ತರ ಅಳೆಯುವ ಕೋಲಿನ ಪಕ್ಕದಲ್ಲೇ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಯಿರಿ: ಗುಂಪಿನವರೆಲ್ಲ ಒಟ್ಟಿಗೆ ಒಳಗೆ ಬರಬೇಕು, ನಿಂತವರು ಒಬ್ಬರಾದರೆ ಹತ್ತುವವರೂ ಒಬ್ಬರೇ. ಬರೆದದ್ದನ್ನು ಜಾರಿಗೆ ತರುವುದು ಸೀಟಿ ಹಿಡಿದವನ ಕೆಲಸವಾಗಲಿ. ನಮ್ಮ ನಮ್ಮಲ್ಲೇ ಹೊಂದಿಸಿಕೊಳ್ಳಲು ಬಿಟ್ಟರೆ ಗಂಟಲು ದೊಡ್ಡದಿದ್ದವನು ಗೆಲ್ಲುತ್ತಾನೆ. ದುಡ್ಡಿನ ಸಾಲು ಇಡುವುದಾದರೆ ಅದರಿಂದ ಎಷ್ಟು ಜನರನ್ನು ಬಿಟ್ಟರೆ ನಮ್ಮ ಸಾಲಿನಿಂದ ಎಷ್ಟು ಜನರನ್ನು ಬಿಡುತ್ತೀರಿ ಎಂಬುದನ್ನೂ ಬರೆಯಿರಿ, ಟಿಕೆಟ್ ಕೊಳ್ಳುವ ಮುಂಚೆಯೇ ಓದಿಕೊಳ್ಳುತ್ತೇವೆ.

ಒರ್ಲ್ಯಾಂಡೊದಲ್ಲಿ ರೈಡರ್ ಸ್ವಿಚ್ ಎಂಬ ಏರ್ಪಾಡಿದೆ. ಚಿಕ್ಕ ಮಗು ಇದ್ದವರಲ್ಲಿ ಒಬ್ಬರು ಆಟ ಮುಗಿಸಿ ಬಂದು ಮಗುವನ್ನು ಹಿಡಿದುಕೊಂಡರೆ ಇನ್ನೊಬ್ಬರು ಮತ್ತೆ ಪೂರ್ತಿ ಸಾಲು ನಿಲ್ಲದೆ ಹತ್ತಬಹುದು. ಇದಿದ್ದಿದ್ದರೆ ಸಾಲಿನ ನಡುವೆ ನಾನು ಜಾಗ ಬದಲಾಯಿಸಬೇಕಾಗಿರಲಿಲ್ಲ, ಆ ಹುಡುಗಿಯ ನೋಟವನ್ನು ತಿನ್ನಬೇಕಾಗಿರಲಿಲ್ಲ. ಒಬ್ಬರೇ ಬಂದವರಿಗೆ ಬೇರೆ ಸಾಲಿಟ್ಟು, ಉಳಿದ ಬಿಡಿ ಆಸನಗಳನ್ನು ಅವರಿಂದ ತುಂಬಿಸುತ್ತಾರಂತೆ. ನಮ್ಮ ಕಣ್ಣೆದುರೇ ಎಷ್ಟೋ ಸಲ ಬಂಡಿ ಎರಡು ಆಸನ ಖಾಲಿ ಇಟ್ಟುಕೊಂಡು ಹೋಯಿತು. ಗಿರಣಿಯ ಕಲ್ಲು ಖಾಲಿ ತಿರುಗಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಮಾತು, ಬಹುಶಃ ಎಲ್ಲಕ್ಕಿಂತ ಮುಖ್ಯವಾದದ್ದು. ಸಾಲಿನ ನಡುವೆ ಮಕ್ಕಳಿಗೆ ಶೌಚಾಲಯಕ್ಕೆ ಹೋಗಬೇಕಾಗುತ್ತದೆ. ಅದೇ ದಿನ ಮಧ್ಯಾಹ್ನ ಇನ್ನೊಂದು ಆಟದ ಸಾಲಿನಲ್ಲಿ ಮೊಮ್ಮಗ ಓಡಿಹೋಗಿ ಮರಳುವಾಗ ಮೂವತ್ತು ಜನರನ್ನು ದಾಟಬೇಕಾಯಿತು. ಅರ್ಧದಲ್ಲಿ ಒಬ್ಬ ದಪ್ಪ ಮೀಸೆಯವರು ಅವನ ತೋಳು ಹಿಡಿದು "ಸಾಲಿನಲ್ಲಿ ಬಾ" ಎಂದು ಗದರಿದರು. ಅವನು ಅಲ್ಲೇ ನಿಂತುಬಿಟ್ಟ, ಅಳು ಬಂದರೂ ಅಳಲಿಲ್ಲ. ನಾನು ದೂರದಿಂದ ಕೈ ಎತ್ತಿ "ಅವನ ಡಬ್ಬಿ ಇಲ್ಲಿದೆ, ಬಿಡಿ" ಎಂದು ಕೂಗಿದೆ. ಯಾರಿಗೂ ಅರ್ಥವಾಗಲಿಲ್ಲ. ಆದರೂ ಮೀಸೆಯವರು ನಕ್ಕು ಬಿಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಬೆಳಗ್ಗೆ ಅವರ ಮುಂದೆಯೂ ಹತ್ತು ಜನ ನುಗ್ಗಿರಬೇಕು. ಹೊರಗೆ ಹೋಗುವವರ ಕೈಗೆ ಒಂದು ಚೀಟಿಯನ್ನೋ ಬಣ್ಣದ ಪಟ್ಟಿಯನ್ನೋ ಕಟ್ಟಿ ಕಳುಹಿಸಿದರೆ ಪಾರ್ಕಿನವರಿಗೆ ಏನು ಖರ್ಚು?

ದಸರಾ ರಜೆಗೆ ಮತ್ತೆ ಅಲ್ಲಿಗೇ ಕರೆದುಕೊಂಡು ಹೋಗಬೇಕೆಂದು ಮೊಮ್ಮಗ ಹಟ ಹಿಡಿದಿದ್ದಾನೆ. ಅಷ್ಟರಲ್ಲಿ ತಂಗಿ ನಾಲ್ಕು ಬೆರಳು ಬೆಳೆಯುತ್ತಾಳೆಂದು ದಿನವೂ ಗೋಡೆಯ ಮೇಲೆ ಗೀಟು ಎಳೆಯುತ್ತಿದ್ದಾನಂತೆ. ಸಾಲು ನಿಲ್ಲುವ ಮುಂಚೆ ಶೌಚಾಲಯಕ್ಕೆ ಹೋಗಿ ಬರಬೇಕೆಂಬ ನನ್ನ ಷರತ್ತಿಗೆ ಇಬ್ಬರೂ ಫೋನಿನಲ್ಲಿ ಒಪ್ಪಿದ್ದಾರೆ.

ಇಂತಿ ನಿಮ್ಮ ಓದುಗಳು,
ಗಿರಣಿಯವಳು, ಹಾವೇರಿ